ಬೀರಮ್ಮನ ಬಜೆ ಗದ್ದೆ

ಅಣ್ಣತಮ್ಮಂದಿರು ಪಾಲಾದಾಗ ನಂಜಯ್ಯನಿಗೆ ಬಂದದ್ದು ನಾಲೆಯ ಕೊನೆಯ ಜೌಗು ಗದ್ದೆ. ರುದ್ರಪಟ್ಟಣದ ಹೊರಗೆ, ಹೊಳೆಗೆ ಇಳಿಯುವ ದಾರಿಯ ಎಡಕ್ಕೆ, ಮೇಲಿನ ಗದ್ದೆಗಳ ನೀರೆಲ್ಲ ಬಸಿದು ಬಂದು ನಿಲ್ಲುವ ತಗ್ಗು ಅದು. ಭತ್ತ ನೆಟ್ಟರೆ ಪೈರು ಹುಲುಸಾಗಿ ಎದ್ದು, ತೆನೆ ಕಟ್ಟುವ ಹೊತ್ತಿಗೆ ಮಲಗಿಬಿಡುತ್ತಿತ್ತು. ಎತ್ತು ಇಳಿಸಿದರೆ ಮೊಣಕಾಲುದ್ದ ಹೂತುಕೊಳ್ಳುತ್ತಿದ್ದವು. ಅಣ್ಣ ರಂಗಯ್ಯ ಒಳ್ಳೆಯ ಗದ್ದೆಯನ್ನು ತಾನೇ ಇಟ್ಟುಕೊಂಡ ಎಂದು ಊರವರು ಆಡಿಕೊಂಡರು. ನಂಜಯ್ಯ ಜಗಳಕ್ಕೆ ಹೋಗಲಿಲ್ಲ. ಮಾತು ಕಡಿಮೆಯ ಮನುಷ್ಯ. ಬಂದದ್ದನ್ನು ಬಂದ ಹಾಗೆ ತೆಗೆದುಕೊಳ್ಳುವವನು. ಇದು ಸಾವಿರದ ಒಂಬೈನೂರ ಐವತ್ತೆರಡು ಐವತ್ತಮೂರರ ಸುಮಾರಿನ ಮಾತು.

ತಾಯಿ ಪಾಪಮ್ಮ ಕಿರಿಯ ಮಗನ ಜೊತೆ ಇರುತ್ತೇನೆಂದು ಬಂದಳು. ಬರುವಾಗ ಹಳೆಯ ಮನೆಯ ಹಿತ್ತಿಲಲ್ಲಿ, ಬಚ್ಚಲ ನೀರು ಹರಿಯುವ ಕಡೆ ತಾನು ಬೆಳೆಸಿಕೊಂಡಿದ್ದ ಬಜೆಯ ಗೆಡ್ಡೆಗಳನ್ನು ಮಣ್ಣು ಸಮೇತ ಕಿತ್ತು, ಕುಕ್ಕೆಯಲ್ಲಿ ತುಂಬಿಕೊಂಡು ತಂದಳು. ನಂಜಯ್ಯನ ಹೆಂಡತಿ, ಅತ್ತೆಗೆ ಮಗಳೂ ಸೊಸೆಯೂ ಎಲ್ಲ ಆಗಿದ್ದ ಬೀರಮ್ಮನಿಗೆ ಅದನ್ನು ಎಲ್ಲಿ ನೆಡುವುದೆಂದು ಚಿಂತೆಯಾಗಲಿಲ್ಲ. ನೀರು ಬೇಡುವ ಗಿಡ, ನೀರು ಬಿಡದ ನೆಲ. ಜೌಗಿನ ಅಂಚಿಗೆ ಒಂದು ಸಾಲು ನೆಟ್ಟಳು. ಮುಂದಿನ ಮಳೆಗಾಲ ಮುಗಿಯುವುದರೊಳಗೆ ಗೆಡ್ಡೆ ಕೆಸರೊಳಗೇ ಹರಿದಾಡಿ, ನೆಟ್ಟ ಸಾಲು ಯಾವುದು, ತಾನಾಗಿ ಎದ್ದ ಸಾಲು ಯಾವುದು ಎಂದು ಗೊತ್ತಾಗದ ಹಾಗೆ ಹಬ್ಬಿತ್ತು.

ನೋಡುವುದಕ್ಕೆ ಅದೇನೂ ಚೆಲುವಾದ ಗಿಡವಲ್ಲ. ಕತ್ತಿಯ ಅಲಗಿನಂಥ ಉದ್ದನೆಯ ಎಲೆ. ಎಲೆಗಳ ನಡುವಿನಿಂದ ಪಕ್ಕಕ್ಕೆ ಚಾಚಿಕೊಳ್ಳುವ ಹಸಿರು ಹಳದಿಯ ಕದಿರು. ಅದೇ ಹೂವು ಎಂದು ಯಾರಾದರೂ ತೋರಿಸಿದರೆ ಮಾತ್ರ ಹೂವು. ಬೀಜ ಕಟ್ಟಿದ್ದನ್ನು ಬೀರಮ್ಮ ಕಂಡವಳಲ್ಲ. ಗೆಡ್ಡೆಯನ್ನು ಗೆಣ್ಣು ಗೆಣ್ಣಾಗಿ ಮುರಿದು ಹೂಳಿದರೆ ಆಯಿತು. ಆದರೆ ಎಲೆ ಕಿವುಚಿದರೂ ಗೆಡ್ಡೆ ಮುರಿದರೂ ಎದ್ದು ಬರುವ ಘಾಟು ಮಿಶ್ರಿತ ಘಮ ಬೇರೆ ಯಾವುದಕ್ಕೂ ಇಲ್ಲ. ಗೆಡ್ಡೆ ಕಿತ್ತು ತೊಳೆದು ಒಣಗಿಸುವ ದಿನಗಳಲ್ಲಿ ಬೀರಮ್ಮನ ಸೀರೆ, ತಲೆಕೂದಲು, ಕಡೆಗೆ ಅವಳು ತಟ್ಟಿದ ರೊಟ್ಟಿಗೂ ಅದೇ ವಾಸನೆ ಅಂಟುತ್ತಿತ್ತು. ನಂಜಯ್ಯ ಒಮ್ಮೊಮ್ಮೆ ರೊಟ್ಟಿ ಮೂಸಿ ನೋಡಿ ಸುಮ್ಮನೆ ತಿನ್ನುತ್ತಿದ್ದ.

ಬಜೆ ತೇಯುವ ಕೆಲಸವನ್ನು ಬೀರಮ್ಮ ಅತ್ತೆಯಿಂದಲೇ ಕಲಿತಳು. ಒಣಗಿದ ಗೆಡ್ಡೆಯನ್ನು ಹರಳೆಣ್ಣೆಯಲ್ಲಿ ಅದ್ದಿ ದೀಪದ ಕುಡಿಗೆ ಹಿಡಿಯಬೇಕು. ಹೊರಗೆ ಮಾತ್ರ ಕಪ್ಪಾದರೆ ಸಾಲದು, ಮುರಿದರೆ ಒಳಗೂ ಇದ್ದಿಲಿನ ಹಾಗೆ ಕಾಣಬೇಕು. ಆಮೇಲೆ ತೇಯುವ ಕಲ್ಲಿನ ಮೇಲೆ ಒಂದೆರಡು ಹನಿ ತಾಯಿಯ ಹಾಲು ಬಿಟ್ಟು, ಬಜೆಯನ್ನು ಸುತ್ತ ತೇಯ್ದು, ಸಾಸಿವೆಯಷ್ಟನ್ನು ಬೆರಳ ತುದಿಯಲ್ಲಿ ತೆಗೆದು ಮಗುವಿನ ನಾಲಿಗೆಗೆ ಸವರಬೇಕು. ಹೊಟ್ಟೆ ಉಬ್ಬರಕ್ಕೆ ಒಳ್ಳೆಯದು, ಕೆಮ್ಮಿಗೆ ಒಳ್ಳೆಯದು. ಎಲ್ಲಕ್ಕಿಂತ ಹೆಚ್ಚಾಗಿ ಮಗುವಿಗೆ ಬೇಗ ಮಾತು ಬರುತ್ತದೆ, ಮಾತು ಸ್ಪಷ್ಟವಾಗುತ್ತದೆ ಎಂಬುದು ಎಲ್ಲರ ನಂಬಿಕೆ. ರುದ್ರಪಟ್ಟಣದಂಥ ಸಂಗೀತಗಾರರ ಊರಲ್ಲಿ ಈ ನಂಬಿಕೆಗೆ ಇನ್ನಷ್ಟು ಬೆಲೆ. ಮಗು ಅತ್ತರೆ ಆ ಅಳು ಯಾವ ಶ್ರುತಿಯಲ್ಲಿದೆ ಎಂದು ಕಿವಿಗೊಡುವ ಅಜ್ಜಂದಿರು ಅಲ್ಲಿದ್ದರು.

ಪಾಪಮ್ಮ ತೀರಿಕೊಂಡ ಮೇಲೆ ಆ ಕೆಲಸ ತಾನಾಗಿ ಬೀರಮ್ಮನ ಕೈಗೆ ಬಂತು. ಯಾರ ಮನೆಯಲ್ಲಿ ಹೆರಿಗೆಯಾದರೂ ಹೇಳಿ ಕಳುಹಿಸುತ್ತಿದ್ದರು. ಒಕ್ಕಲಿಗರ ಬೀದಿಯಲ್ಲಿ ನೇರ ಬಾಣಂತಿ ಕೋಣೆಗೇ ಹೋಗುತ್ತಿದ್ದಳು. ಬ್ರಾಹ್ಮಣರ ಬೀದಿಯಲ್ಲಿ ಹಿತ್ತಿಲ ಜಗುಲಿಯಲ್ಲಿ ಕೂರುತ್ತಿದ್ದಳು; ಮಗುವಿನ ಸ್ನಾನಕ್ಕೆ ಮುಂಚೆಯೇ ಅವಳನ್ನು ಕರೆಸುತ್ತಿದ್ದರು. ಅವಳ ಮಡಿಲಿನಿಂದ ಎತ್ತಿಕೊಂಡ ಮಗು ಹೇಗೂ ನೀರಿಗೆ ಹೋಗುತ್ತದಲ್ಲ, ಅದಕ್ಕೆ. ಬೀರಮ್ಮನಿಗೆ ಇದರಲ್ಲಿ ಬೇಸರವೇನೂ ಇರಲಿಲ್ಲ, ಲೋಕ ನಡೆಯುವುದೇ ಹಾಗೆ ಎಂದುಕೊಂಡಿದ್ದಳು. ಹೊಲಗೇರಿಗೆ ಮಾತ್ರ ಅವಳು ಹೋಗುತ್ತಿರಲಿಲ್ಲ. ಆ ಕೇರಿಯ ಹೆಂಗಸರು ಬಜೆ ಬೇಕಾದಾಗ ಗದ್ದೆಯ ಹತ್ತಿರ ಬಂದು ನಿಲ್ಲುತ್ತಿದ್ದರು. ಒಣಗಿದ ಒಂದೆರಡು ಗೆಡ್ಡೆಯನ್ನು ಮೇಲಿನಿಂದ ಅವರ ಸೆರಗಿಗೆ ಹಾಕುತ್ತಿದ್ದಳು.

ಅವಳಿಗೂ ಮೂವರು ಮಕ್ಕಳು ಹುಟ್ಟಿದ್ದರು. ಹಿರಿಯಳು ಗಂಡನ ಮನೆ ಸೇರಿದ್ದಳು, ಕೊನೆಯವನು ನಂಜಯ್ಯನ ಜೊತೆ ಗದ್ದೆಗೆ ಇಳಿಯುವಷ್ಟು ಬೆಳೆದಿದ್ದ. ನಡುವಿನ ಗಂಡುಕೂಸು ನಾಲ್ಕು ತಿಂಗಳಿಗೆ ಫಿಟ್ಸು ಬಂದು ತೀರಿಕೊಂಡಿತ್ತು. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಬಜೆಗೆ ಹೊರಗಿನಿಂದ ಗಿರಾಕಿ ಬಂದದ್ದು ಹೊಳೇನರಸೀಪುರದ ಚಲುವಯ್ಯನಿಂದ. ಅವನು ಸೀಗೆ, ಅಂಟುವಾಳ, ಬಜೆ ಎಲ್ಲವನ್ನೂ ಹಳ್ಳಿಗಳಿಂದ ಕೊಂಡು ದೊಡ್ಡ ವ್ಯಾಪಾರಿಗಳಿಗೆ ಕಳಿಸುತ್ತಿದ್ದ. ಬಜೆಯಿಂದ ಹಬೆಯಲ್ಲಿ ಎಣ್ಣೆ ತೆಗೆಯುತ್ತಾರಂತೆ, ಅದು ಹಡಗಿನಲ್ಲಿ ಹೋಗುತ್ತದಂತೆ, ಅಲ್ಲಿನವರು ಅದನ್ನು ಸೆಂಟಿಗೂ ಕುಡಿಯುವ ಪದಾರ್ಥಕ್ಕೂ ಹಾಕುತ್ತಾರಂತೆ ಎಂದು ಜಗುಲಿಯಲ್ಲಿ ಕೂತು ಮಜ್ಜಿಗೆ ಕುಡಿಯುತ್ತ ಹೇಳುತ್ತಿದ್ದ. ಅವನು ಬರಲು ಶುರು ಮಾಡಿದ ಮೇಲೆ ಜೌಗು ಗದ್ದೆ ಪೂರ್ತಿ ಬಜೆಯಾಯಿತು. ಮನೆಗೆ ಹೆಂಚು ಹೊದಿಸಿದರು. ಒಮ್ಮೆ ಆಡಿಕೊಂಡವರೇ ನಂಜಯ್ಯನ ಪಾಲು ಚೆನ್ನಾಗಿತ್ತು ಎನ್ನತೊಡಗಿದರು. ರಂಗಯ್ಯನ ಹೆಂಡತಿ ಮಾತ್ರ, ಅದೇನು ಬೆಳೆಯೋ, ಉಣ್ಣುವುದಲ್ಲ ತಿನ್ನುವುದಲ್ಲ ಎನ್ನುತ್ತಿದ್ದಳು.

ಹೀಗೆ ಹತ್ತು ಹನ್ನೆರಡು ವರ್ಷ ನಡೆಯಿತು.

ಅರವತ್ತೆಂಟರಲ್ಲಿ ಬ್ರಾಹ್ಮಣರ ಬೀದಿಯ ಸುವರ್ಣಮ್ಮನ ಮಗಳು ಕಮಲಾಕ್ಷಮ್ಮ ಬಾಣಂತನಕ್ಕೆ ತವರಿಗೆ ಬಂದಳು. ಕಮಲಾಕ್ಷಮ್ಮ ಮೈಸೂರಿನಲ್ಲಿ ರಸಾಯನಶಾಸ್ತ್ರ ಓದಿ, ಹಾಸನದ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದಳು. ಅಷ್ಟು ಓದಿದ ಹುಡುಗಿ ಆ ಬೀದಿಯಲ್ಲಿ ಇನ್ನೊಬ್ಬಳಿರಲಿಲ್ಲ. ಬೀರಮ್ಮನನ್ನು ಚಿಕ್ಕಂದಿನಲ್ಲಿ ನೀನು ಎನ್ನುತ್ತಿದ್ದವಳು ಮೈಸೂರಿಗೆ ಹೋಗಿ ಬಂದ ಮೇಲೆ ನೀವು ಎನ್ನತೊಡಗಿದ್ದಳು. ಮೊದಮೊದಲು ಬೀರಮ್ಮನಿಗೆ ಅದು ಬೇರೆ ಯಾರನ್ನೋ ಮಾತಾಡಿಸಿದ ಹಾಗೆ ಕೇಳುತ್ತಿತ್ತು.

ಹೆಣ್ಣುಮಗು ಹುಟ್ಟಿ ಪುಣ್ಯಾಹವಾದ ಮೇಲೆ ಸುವರ್ಣಮ್ಮ ಹೇಳಿ ಕಳುಹಿಸಿದಳು. ಬೀರಮ್ಮ ಸುಟ್ಟ ಬಜೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ ಹಿತ್ತಿಲ ಜಗುಲಿಯಲ್ಲಿ ಕೂತಳು. ತೇಯುವ ಕಲ್ಲು ಬಂತು. ಮಗು ಬರಲಿಲ್ಲ. ಬದಲಿಗೆ ತಲೆಗೆ ಬಟ್ಟೆ ಕಟ್ಟಿಕೊಂಡ ಕಮಲಾಕ್ಷಮ್ಮನೇ ಬಾಗಿಲಿಗೆ ಬಂದು ನಿಂತಳು.

“ಬೀರಮ್ಮ, ಕೋಪ ಮಾಡ್ಕೋಬೇಡಿ. ಮಗೂಗೆ ಬಜೆ ಬೇಡ.”

ಬೀರಮ್ಮ ತಮಾಷೆಯೆಂದೇ ತಿಳಿದಳು. “ಯಾಕ್ ಕಮಲಮ್ಮಾರೆ? ನಿಮ್ಗೂ ನಮ್ಮತ್ತೆನೇ ಬಜೆ ಸವ್ರಿದ್ದು. ನೀವೇನ್ ಮೂಗಿ ಆದ್ರಾ? ಕಾಲೇಜ್ನಾಗೆ ಪಾಠ ಏಳ್ತೀರಿ.”

ಕಮಲಾಕ್ಷಮ್ಮ ನಕ್ಕಳು, ಆದರೆ ಮಗುವನ್ನು ತರಿಸಲಿಲ್ಲ. ಬಾಗಿಲ ಹೊಸ್ತಿಲಲ್ಲೇ ಕೂತು ಬಿಡಿಸಿ ಹೇಳಿದಳು. ಕಾಲೇಜಿಗೆ ಬರುವ ಪತ್ರಿಕೆಯೊಂದರಲ್ಲಿ ಓದಿದ್ದಳಂತೆ. ಅಮೆರಿಕದಲ್ಲಿ ಇಲಿಗಳಿಗೆ ದಿನಾ ಮೇವಿನ ಜೊತೆ ಬಜೆ ಎಣ್ಣೆ ಬೆರೆಸಿ ಬಹಳ ಕಾಲ ತಿನ್ನಿಸಿ ನೋಡಿದರಂತೆ. ಎಣ್ಣೆ ತಿಂದ ಇಲಿಗಳು ಸೊರಗಿದವು, ಕೆಲವಕ್ಕೆ ಕರುಳಿನಲ್ಲಿ ಕೆಟ್ಟ ಗಂಟು ಬೆಳೆಯಿತು. ನಮ್ಮ ಕಡೆಯ ಬಜೆಯ ಎಣ್ಣೆಯಲ್ಲಿ ಹೆಚ್ಚಿನ ಪಾಲು ಅಸರೋನ್ ಎಂಬ ಒಂದು ವಸ್ತು. ಅನುಮಾನ ಅದರ ಮೇಲೆ.

“ಇಲಿಗೆ ಬಂದದ್ದು ಮಗೀಗೂ ಬತ್ತದಾ?” ಎಂದು ಬೀರಮ್ಮ ಕೇಳಿದಳು.

“ಗೊತ್ತಿಲ್ಲ. ಗೊತ್ತಿಲ್ಲ ಅಂತಲೇ ಬೇಡ ಅಂತಿದೀನಿ.”

ಒಳಗಿನಿಂದ ಸುವರ್ಣಮ್ಮ ಮಗಳನ್ನು ಗದರಿದಳು. ತಲತಲಾಂತರದಿಂದ ಬಂದದ್ದನ್ನು ಇಲಿ ಹೆಗ್ಗಣದ ಕತೆ ಕಟ್ಟಿಕೊಂಡು ಬಿಡುವುದುಂಟೇ ಎಂದಳು. ಬೀರಮ್ಮನಿಗೆ ಸಮಾಧಾನವಾಗಲೆಂದು ತೆಂಗಿನಕಾಯಿ, ರವಿಕೆ ಕಣ ಕೊಟ್ಟು ಕಳಿಸಿದಳು. ತೇಯದೆ ಉಡುಗೊರೆ ತೆಗೆದುಕೊಂಡದ್ದು ಬೀರಮ್ಮನಿಗೆ ಅದೇ ಮೊದಲು. ದಾರಿಯುದ್ದಕ್ಕೂ ಕೈಯಲ್ಲಿದ್ದ ಕಾಯಿ ಭಾರವೆನಿಸಿತು. ಮನೆಯಲ್ಲಿ ಏನೂ ಹೇಳಲಿಲ್ಲ. ಓದಿದ ಹೆಣ್ಣಿಗೆ ಸ್ವಲ್ಪ ತಿಕ್ಕಲು ಎಂದುಕೊಂಡು ಕಳೆ ಕೀಳಲು ಹೋದಳು.

ಅದು ಅಷ್ಟಕ್ಕೇ ಮರೆತು ಹೋಗುತ್ತಿತ್ತೋ ಏನೋ. ಆದರೆ ಸುಗ್ಗಿ ಮುಗಿದ ಮೇಲೆ ಚಲುವಯ್ಯ ಬಂದ. ಈ ಸಲ ಚೀಲ ತಂದಿರಲಿಲ್ಲ. ಜಗುಲಿಯಲ್ಲಿ ಕೂತವನು ಬೆಲ್ಲ ನೀರು ಕುಡಿದು, ಮಳೆ ಬೆಳೆ ಎಲ್ಲ ವಿಚಾರಿಸಿ, ಕೊನೆಗೆ ವಿಷಯಕ್ಕೆ ಬಂದ. ಬಜೆ ಇನ್ನು ಮೇಲೆ ತನಗೆ ಬೇಡ. ಮೇಲಿನ ವ್ಯಾಪಾರಿಗಳು ತೆಗೆದುಕೊಳ್ಳುತ್ತಿಲ್ಲ. ಅಮೆರಿಕದವರು ಇದರ ಎಣ್ಣೆಯನ್ನು ತಿನ್ನುವ ಕುಡಿಯುವ ಪದಾರ್ಥಕ್ಕೆ ಹಾಕಬಾರದೆಂದು ಕಾನೂನು ಮಾಡಿದ್ದಾರಂತೆ.

“ಇಲಿ ಇಸ್ಯವಾ?” ಎಂದಳು ಬೀರಮ್ಮ, ಬಾಗಿಲ ಸಂದಿನಿಂದ.

ಚಲುವಯ್ಯ ಅವಳನ್ನು ದಿಟ್ಟಿಸಿ ನೋಡಿದ. “ನಿಮ್ಗೆಂಗೆ ಗೊತ್ತಾಯ್ತು ಬೀರಮ್ಮಾರೆ? ಇಲೀನೋ ಏನೋ, ನಂಗೂ ಸರ್ಯಾಗ್ ಗೊತ್ತಿಲ್ಲ.”

ಅವನು ಹೋದ ಮೇಲೆ ನಂಜಯ್ಯ ಒಣಗಲು ಹರಡಿದ್ದ ಗೆಡ್ಡೆಗಳ ಮುಂದೆ ಸ್ವಲ್ಪ ಹೊತ್ತು ನಿಂತಿದ್ದ. ಒಂದು ದಾರಿ ಮುಚ್ಚಿದರೆ ಇನ್ನೊಂದು ಬೆಳೆ ನೋಡೋಣ ಎಂದ. ಬೀರಮ್ಮನ ಯೋಚನೆ ಅದಾಗಿರಲಿಲ್ಲ. ಒಬ್ಬಳು ಹೇಳಿದರೆ ತಿಕ್ಕಲು. ಒಬ್ಬರನ್ನೊಬ್ಬರು ಕಾಣದ ಇಬ್ಬರು ಒಂದೇ ಮಾತು ಹೇಳಿದರೆ ಅದು ಬೇರೆ. ಸಂಜೆ ಒಲೆ ಮುಂದೆ ಕೂತಾಗ ಗಂಡನಿಗೆ ಎಲ್ಲವನ್ನೂ ಹೇಳಿದಳು. ನಂಜಯ್ಯ ಕೇಳಿ, ಊರಿನ ಮಕ್ಕಳೆಲ್ಲ ಗಟ್ಟಿಮುಟ್ಟಾಗಿ ಓಡಾಡಿಕೊಂಡಿಲ್ಲವೇ ಎಂದ.

“ನಮ್ದು ಓಡಾಡ್ಲಿಲ್ವಲ್ಲ” ಎಂದಳು ಬೀರಮ್ಮ.

ನಂಜಯ್ಯ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟ. ತಟ್ಟೆಯಲ್ಲಿದ್ದ ಮುದ್ದೆ ಹಾಗೇ ಆರಿತು. “ಓಗಿ ಕೇಳ್ಕಂಡ್ ಬಾ. ಕೇಳ್ದೆ ಇದ್ರೆ ನಿಂಗೆ ನೆಮ್ಮದಿ ಇರಾಕಿಲ್ಲ” ಎಂದ.

ಕಮಲಾಕ್ಷಮ್ಮ ಆ ಹೊತ್ತಿಗೆ ಮಗುವಿನೊಂದಿಗೆ ಹಾಸನಕ್ಕೆ ಮರಳಿ ಕೆಲಸಕ್ಕೆ ಸೇರಿದ್ದಳು. ಬೀರಮ್ಮ ಸುವರ್ಣಮ್ಮನಿಂದ ವಿಳಾಸ ಬರೆಸಿಕೊಂಡು, ಮಗನನ್ನು ಕರೆದುಕೊಂಡು ಅರಕಲಗೂಡಿಗೆ ಹೋಗಿ, ಅಲ್ಲಿಂದ ಹಾಸನದ ಬಸ್ಸು ಹಿಡಿದಳು. ಮಡಿಲಲ್ಲಿ ಎರಡು ಗಂಟು: ಒಂದರಲ್ಲಿ ಸುಡದೆ ಒಣಗಿಸಿದ ಹಸಿ ಬಜೆ, ಇನ್ನೊಂದರಲ್ಲಿ ಸುಟ್ಟ ಬಜೆ. ಯಾಕೆ ತಂದಳೆಂದು ಅವಳಿಗೇ ಸ್ಪಷ್ಟವಿರಲಿಲ್ಲ. ಕೇಳುವಾಗ ವಸ್ತು ಎದುರಿಗಿರಲಿ ಎಂದಷ್ಟೆ.

ಹಾಸನದ ಮನೆಯಲ್ಲಿ ಬೀರಮ್ಮ ಗಂಟು ಬಿಚ್ಚಿದ್ದನ್ನು ನೋಡಿ ಕಮಲಾಕ್ಷಮ್ಮನಿಗೇ ಒಂದು ಯೋಚನೆ ಹೊಳೆಯಿತು. ಸುಟ್ಟರೆ ಎಷ್ಟು ಎಣ್ಣೆ ಉಳಿಯುತ್ತದೆ ಎಂಬುದು ತನಗೂ ಗೊತ್ತಿಲ್ಲ, ನೋಡಿಯೇ ಬಿಡೋಣ ಎಂದಳು. ಮಾರನೆಯ ದಿನ ರಜೆ. ಮಗುವನ್ನು ಗಂಡನ ಕೈಗೆ ಕೊಟ್ಟು, ಬೀರಮ್ಮನನ್ನು ಕಾಲೇಜಿನ ಪ್ರಯೋಗಶಾಲೆಗೆ ಕರೆದುಕೊಂಡು ಹೋದಳು. ಬೀರಮ್ಮನಿಗೆ ಅಲ್ಲಿನ ವಾಸನೆ ಹಿಡಿಸಲಿಲ್ಲ, ಆದರೆ ಗಾಜಿನ ಸಾಮಾನುಗಳ ಹೊಳಪು ಹಿಡಿಸಿತು. ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ನೋಡಿದಳು.

ಹಸಿ ಬಜೆಯನ್ನು ಕುಟ್ಟಿ ಗುಂಡನೆಯ ಗಾಜಿನ ಪಾತ್ರೆಗೆ ಹಾಕಿದರು. ಇನ್ನೊಂದು ಪಾತ್ರೆಯಲ್ಲಿ ನೀರು ಕುದಿಸಿ ಅದರ ಹಬೆಯನ್ನು ಬಜೆಯ ಮೂಲಕ ಹಾಯಿಸಿದರು. ಹಬೆ ಇನ್ನೊಂದು ತುದಿಯಿಂದ ಹೊರಟು, ಸುತ್ತ ತಣ್ಣೀರು ಹರಿಯುವ ಕೊಳವೆಯೊಳಗೆ ಇಳಿದು, ಮತ್ತೆ ನೀರಾಗಿ ಹನಿಹನಿಯಾಗಿ ಬೀಳತೊಡಗಿತು. ಕೋಣೆಯೆಲ್ಲ ಬೀರಮ್ಮನ ಮನೆಯಂಗಳದ ವಾಸನೆ. ಬಿದ್ದ ನೀರು ಮೊದಲು ಹಾಲು ಬೆರೆಸಿದ ಹಾಗೆ ಮಬ್ಬಾಗಿತ್ತು. ನಿಂತ ಮೇಲೆ ಹಳದಿ ಬಣ್ಣದ ಎಣ್ಣೆ ಬೇರೆಯಾಗಿ ಕೆಳಗಿಳಿದು ತಳದಲ್ಲಿ ಕೂತಿತು.

“ಎಣ್ಣೆ ಮುಳುಗ್ತದಲ್ಲ ಕಮಲಮ್ಮಾರೆ” ಎಂದು ಬೀರಮ್ಮ ಬೆರಗಾದಳು. ಅವಳು ಕಂಡ ಎಣ್ಣೆಗಳೆಲ್ಲ ನೀರಿನ ಮೇಲೆ ತೇಲುವಂಥವು.

ಕಮಲಾಕ್ಷಮ್ಮ ಅದಕ್ಕೂ ಕಾರಣ ಹೇಳಿದಳು. ಈ ಎಣ್ಣೆಯಲ್ಲಿ ಅಸರೋನ್ ತುಂಬಿಕೊಂಡಿದೆ, ಅದು ನೀರಿಗಿಂತ ಭಾರ. ಅದು ಕಡಿಮೆ ಇರುವ ಸೀಮೆಯ ಬಜೆಯ ಎಣ್ಣೆ ತೇಲುತ್ತದಂತೆ. ಆಮೇಲೆ ಪಾತ್ರೆಗಳನ್ನೆಲ್ಲ ತೊಳೆದು, ಸುಟ್ಟ ಬಜೆಯನ್ನು ಅಷ್ಟೇ ತೂಕ ಹಾಕಿ ಮತ್ತೆ ಹಬೆ ಹಾಯಿಸಿದಳು. ಈ ಸಲ ನೀರು ಸ್ವಲ್ಪ ಮಾತ್ರ ಮಬ್ಬಾಯಿತು. ತಳದಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕಿ ಕಂಡವೇ ಹೊರತು ಎಣ್ಣೆಯೆಂದು ಕರೆಯುವಷ್ಟು ಕೂಡಲಿಲ್ಲ.

ಬೀರಮ್ಮ ಉಸಿರು ಬಿಟ್ಟಳು. ಕಮಲಾಕ್ಷಮ್ಮ ಮಾತ್ರ ಖುಷಿಪಡಲಿಲ್ಲ. ಇದು ಒಂದು ಸಲದ ನೋಟ ಅಷ್ಟೆ, ಇದನ್ನೇ ಖಾತ್ರಿಯೆಂದು ಹಿಡಿಯಬೇಡಿ. ಚುಕ್ಕಿಯಷ್ಟಾದರೂ ಇದೆಯಲ್ಲ, ಸುಟ್ಟಾಗ ಬೇರೆ ಏನು ಹುಟ್ಟುತ್ತದೋ ಅದೂ ತನಗೆ ಗೊತ್ತಿಲ್ಲ ಎಂದಳು. ತನ್ನ ಮಗುವಿಗಂತೂ ಕೊಡುವುದಿಲ್ಲ ಎಂದೂ ಸೇರಿಸಿದಳು.

ಆಗ ಬೀರಮ್ಮ ಬಂದ ಕೆಲಸದ ಮಾತು ತೆಗೆದಳು. “ನನ್ ಎರಡ್ನೇ ಮಗ ನಾಕ್ ತಿಂಗಳ್ಗೆ ಓದ. ಅವನ್ಗೂ ನಾನೇ ಸವರ್ತಿದ್ದೆ. ಅದ್ರಿಂದ್ಲೇ ಓದ್ನಾ? ಇದ್ದಿದ್ದ್ ಇದ್ದಂಗೇ ಏಳಿ.”

ಕಮಲಾಕ್ಷಮ್ಮ ಕೈ ಒರೆಸಿಕೊಂಡು ಅವಳ ಪಕ್ಕದ ಸ್ಟೂಲಿನಲ್ಲಿ ಕೂತಳು. “ಇಲಿಗಳಿಗೆ ಬಂದ ಕಾಯಿಲೆ ಅಷ್ಟು ಬೇಗ ಬರೋದಲ್ಲ, ಬೀರಮ್ಮ. ಅವು ದಿನಾ ತಿಂದು ತಿಂದು ಮುದಿಯಾದ ಮೇಲೆ ಬಂದದ್ದು. ಫಿಟ್ಸಿಗೂ ಅದಕ್ಕೂ ಸಂಬಂಧ ಇದೆ ಅಂತ ನಾನೆಲ್ಲೂ ಓದಿಲ್ಲ. ಜ್ವರ ಇತ್ತಾ ಆಗ?”

ಇತ್ತು. ಮೈ ಕೆಂಡದ ಹಾಗೆ ಸುಡುತ್ತಿತ್ತು. ಅದನ್ನು ನೆನಪಿಸಿಕೊಳ್ಳುವುದನ್ನೇ ಬೀರಮ್ಮ ಬಿಟ್ಟು ಎಷ್ಟೋ ವರ್ಷವಾಗಿತ್ತು. ತಾನು ಡಾಕ್ಟರಲ್ಲ, ಆದರೆ ಜ್ವರ ನೆತ್ತಿಗೇರಿ ಹೋದದ್ದೆಂದೇ ತನಗೆ ತೋರುತ್ತದೆ ಎಂದಳು ಕಮಲಾಕ್ಷಮ್ಮ. ಬೀರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ತಳದಲ್ಲಿ ಕೂತ ಎಣ್ಣೆಯನ್ನು ಇನ್ನೊಮ್ಮೆ ನೋಡಿ, ಎದ್ದಳು.

ಬಸ್ಸಿನಲ್ಲಿ ಬರುವಾಗ ಮನಸ್ಸು ಹಗುರವಾಗಿತ್ತು. ಆದರೆ ಅರಕಲಗೂಡು ದಾಟುವ ಹೊತ್ತಿಗೆ ಇನ್ನೊಂದು ಯೋಚನೆ ಹತ್ತಿಕೊಂಡಿತು. ತನಗೆ ಗೊತ್ತಾದದ್ದು ಉಳಿದವರಿಗೆ ಗೊತ್ತಿಲ್ಲ. ಬಜೆ ತನ್ನದು, ಸವರಿದ ಬೆರಳೂ ತನ್ನದು.

ಮರುದಿನ ಬೆಳಿಗ್ಗೆಯಿಂದಲೇ ಬೀದಿ ಹಿಡಿದಳು. ಎಳೆಮಕ್ಕಳಿರುವ ಮನೆಗೆಲ್ಲ ಹೋಗಿ, ದಿನಾ ಬಜೆ ಸವರುವುದು ಬೇಡ, ಬಿಟ್ಟರೆ ಇನ್ನೂ ಒಳ್ಳೆಯದು, ಬಿಡದಿದ್ದರೆ ಪೂರ್ತಿ ಕರಕಾಗಿಸಿ ಅಪರೂಪಕ್ಕೊಮ್ಮೆ ಸಾಸಿವೆಯಷ್ಟು, ಹಸಿ ಬಜೆಯಂತೂ ಕೂಡದೇ ಕೂಡದು ಎಂದು ಹೇಳಿದಳು. ಕೇಳಿದವರು ನಾನಾ ಬಗೆ. ಒಬ್ಬ ಮುದುಕಿ, ನಾನು ಬಜೆ ತಿಂದೇ ಇಷ್ಟು ವರ್ಷ ಬದುಕಿದ್ದೇನೆ ಎಂದು ನಕ್ಕಳು. ಒಬ್ಬ ಎಳೆಯ ತಾಯಿ ಅಳುವ ಮುಖ ಮಾಡಿಕೊಂಡು ಮಗುವಿನ ಹೊಟ್ಟೆ ಮುಟ್ಟಿ ಮುಟ್ಟಿ ನೋಡಿದಳು. ಅವಳನ್ನು ಸಮಾಧಾನಪಡಿಸುವುದಕ್ಕೆ ಬೀರಮ್ಮನಿಗೆ ಅರ್ಧ ಹಗಲು ಹಿಡಿಯಿತು. ರಂಗಯ್ಯನ ಹೆಂಡತಿ, ತನ್ನ ಗದ್ದೆಯ ಬೆಳೆಯನ್ನು ತಾನೇ ಹಳಿಯುವವಳನ್ನು ಇವಳೊಬ್ಬಳನ್ನೇ ಕಂಡೆ ಎಂದಳು. ಬ್ರಾಹ್ಮಣರ ಬೀದಿಯಲ್ಲಿ, ಸುವರ್ಣಮ್ಮನ ಮಗಳು ಕಿವಿ ಊದಿದ್ದಾಳೆ ಎಂದು ಮಾತಾಯಿತು. ಕೆಲವರು ಬಿಟ್ಟರು, ಹಲವರು ಬಿಡಲಿಲ್ಲ. ಬೀರಮ್ಮ ವಾದಕ್ಕೆ ನಿಲ್ಲಲಿಲ್ಲ. ಹೇಳಬೇಕಾದ್ದನ್ನು ಹೇಳಿ ಮುಂದಿನ ಬಾಗಿಲಿಗೆ ಹೋದಳು.

ಹೊಲಗೇರಿಯ ನೆನಪು ಬಂದದ್ದು ಎಲ್ಲ ಮುಗಿದ ಮೇಲೆ. ನಾಲೆಯ ಸೋಪಾನದಲ್ಲಿ ಕಾಲು ತೊಳೆಯುತ್ತಿದ್ದವಳಿಗೆ ಆ ಕೇರಿಯ ಮುದ್ದಮ್ಮ ಹಿಂದಿನ ತಿಂಗಳು ಬಜೆ ಒಯ್ದದ್ದು ಕಣ್ಣ ಮುಂದೆ ಬಂತು. ಸೊಸೆ ಹೆತ್ತಿದ್ದಾಳೆ, ಒಳ್ಳೆಯ ಗೆಡ್ಡೆ ನೋಡಿ ಹಾಕಿ ಎಂದಿದ್ದಳು. ಒಳ್ಳೆಯದನ್ನೇ ಆರಿಸಿ ಸೆರಗಿಗೆ ಹಾಕಿದ್ದಳು ಬೀರಮ್ಮ. ಸುಡಬೇಕೆಂದು ಹೇಳಿದ್ದಳೇ? ಹೇಳಿರಲಿಲ್ಲ. ಮುದ್ದಮ್ಮನಿಗೆ ಮಾತ್ರವಲ್ಲ, ಆ ಕೇರಿಯ ಯಾರಿಗೂ ಎಂದೂ ಹೇಳಿರಲಿಲ್ಲ. ಬೇರೆ ಬೀದಿಗಳಲ್ಲಿ ತಾನೇ ಸುಟ್ಟು ತೇಯ್ದು ಕೊಡುತ್ತಿದ್ದುದರಿಂದ ಹೇಳುವ ಅಗತ್ಯವೇ ಬಿದ್ದಿರಲಿಲ್ಲ.

ಕಾಲು ತೊಳೆದುಕೊಂಡವಳು ಮನೆಗೆ ಹೋಗದೆ ಕೇರಿಯ ಕಡೆ ತಿರುಗಿದಳು. ಅಷ್ಟು ವರ್ಷ ಆ ಊರಲ್ಲಿ ಬದುಕಿಯೂ ಆ ಓಣಿಯೊಳಗೆ ಕಾಲಿಟ್ಟದ್ದು ಅಂದೇ ಮೊದಲು. ಜಗುಲಿಗಳ ಮೇಲಿದ್ದವರು ಎದ್ದು ನಿಂತರು. ಯಾವುದೆಂದು ಕೇಳದೆ ಮುದ್ದಮ್ಮನ ಮನೆ ಅವಳಿಗೆ ಗೊತ್ತಾಗಲಿಲ್ಲ.

ಮುದ್ದಮ್ಮನ ಗಂಡ ಗಂಗಯ್ಯ ಅರಕಲಗೂಡಿನ ತಾಲ್ಲೂಕು ಕಚೇರಿಯಲ್ಲಿ ಜವಾನ. ಮನೆ ಚೊಕ್ಕಟವಾಗಿತ್ತು, ಒಳಗೋಡೆಯಲ್ಲಿ ಕಣ್ಣು ಮುಚ್ಚಿ ಕೂತ ಬುದ್ಧನ ಪಟ. ಅಂಗಳದಲ್ಲಿ ಸೊಸೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಪಕ್ಕದಲ್ಲೇ ತೇಯುವ ಕಲ್ಲು, ಕಲ್ಲಿನ ಮೇಲೆ ಬಜೆ. ಸುಡದ್ದು.

ಮುದ್ದಮ್ಮ ಗಾಬರಿಯಿಂದ ಎದ್ದಳು. ಬೀರಮ್ಮ ಅಂಗಳದ ಕಲ್ಲಿನ ಮೇಲೆ ಕೂತು ಬಂದ ವಿಷಯ ಹೇಳಿದಳು. ಬೆಳಿಗ್ಗೆ ಸಂಜೆ ಎರಡು ಹೊತ್ತೂ ಸವರುತ್ತಿದ್ದೇವೆ ಎಂದಳು ಸೊಸೆ. ಮಗು ಚೆನ್ನಾಗಿ ಮಾತು ಕಲಿತು, ಓದಿ, ತಾತನಿಗಿಂತ ದೊಡ್ಡ ಕುರ್ಚಿಯಲ್ಲಿ ಕೂರಲಿ ಎಂದು ಹೆಚ್ಚಾಗಿಯೇ ಕೊಡುತ್ತಿದ್ದರು. ಮುದ್ದಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಅವಳ ಮುಖ ಬಿಗಿದಿತ್ತು.

“ನಿಮ್ ಬೀದಿ ಮಕ್ಕಳ್ಗೂ ಬ್ಯಾಡ ಅಂದ್ರಾ ಅವ್ವಾರೆ, ಇಲ್ಲಾ ನಮ್ಗೆ ಮಾತ್ರನಾ?”

“ಎಲ್ರಿಗೂ ಏಳ್ದೆ. ಅವ್ರಿಗ್ ಮೊದ್ಲು ಏಳ್ದೆ. ನಿಮ್ತಾವಕ್ಕೆ ತಡವಾಗ್ ಬಂದೆ.”

“ಸುಡ್ಬೇಕು ಅನ್ನಾದ್ನ ಇಷ್ಟ್ ವರ್ಸ ಯಾಕೇಳ್ಲಿಲ್ಲ?”

ಬೀರಮ್ಮನ ಬಳಿ ಉತ್ತರವಿತ್ತು, ಆದರೆ ಅದು ಹೇಳಿಕೊಳ್ಳುವಂಥದ್ದಾಗಿರಲಿಲ್ಲ. “ನಾನ್ ಈ ಕಡೀಕ್ ಬಂದೋಳಲ್ಲ ಮುದ್ದಮ್ಮ” ಎಂದಳು. “ಬಂದಿದ್ರೆ ಏಳ್ತಿದ್ದೆ.”

ಮುದ್ದಮ್ಮ ಕಲ್ಲಿನ ಮೇಲಿದ್ದ ಬಜೆಯನ್ನು ತೆಗೆದು ಸೂರಿನ ಗಳಕ್ಕೆ ಸಿಕ್ಕಿಸಿದಳು. ಹಾಗಾದರೆ ಹೊಟ್ಟೆ ಉಬ್ಬರಕ್ಕೆ ಏನು ಮಾಡುವುದು, ಎರಡು ದಿನದಿಂದ ಮಗು ಕಾಲು ಮಡಚಿಕೊಂಡು ಅಳುತ್ತಿದೆ ಎಂದಳು. ಬೀರಮ್ಮ ಕೈ ಚಾಚಿದಳು. ಸೊಸೆ ಅತ್ತೆಯ ಮುಖ ನೋಡಿದಳು. ಮುದ್ದಮ್ಮ ತಲೆಯಾಡಿಸಿದ ಮೇಲೆ ಮಗುವನ್ನು ಕೊಟ್ಟಳು. ಬೀರಮ್ಮ ಅದನ್ನು ಮಡಿಲಲ್ಲಿ ಮಲಗಿಸಿಕೊಂಡು, ವೀಳ್ಯದೆಲೆಗೆ ಹರಳೆಣ್ಣೆ ಸವರಿ ಕೆಂಡಕ್ಕೆ ಹಿಡಿದು ತರುವಂತೆ ಹೇಳಿದಳು. ಎಲೆಯ ಬಿಸಿಯನ್ನು ತನ್ನ ಕೆನ್ನೆಗೆ ಮುಟ್ಟಿಸಿ ನೋಡಿ, ಮಗುವಿನ ಹೊಟ್ಟೆಯ ಮೇಲೆ ಹಾಕಿ, ಮೆಲ್ಲಗೆ ಸುತ್ತ ನೀವಿದಳು. ಮಗು ಒಂದೆರಡು ಸಲ ಮುಲುಗಿ, ಗಾಳಿ ಬಿಟ್ಟು, ಅವಳ ಮಡಿಲಲ್ಲೇ ನಿದ್ದೆ ಹೋಯಿತು. ಆಚೆ ಈಚೆ ಮನೆಯ ಹೆಂಗಸರು ಬಂದು ನಿಂತಿದ್ದರು. ಅವರಿಗೂ ಎಲ್ಲವನ್ನೂ ಮತ್ತೆ ಮೊದಲಿನಿಂದ ಹೇಳಿದಳು.

ಮನೆಗೆ ಬಂದಾಗ ನಂಜಯ್ಯ ಕೊಟ್ಟಿಗೆಯಲ್ಲಿದ್ದ. ಅವಳು ಎಲ್ಲಿಗೆ ಹೋಗಿದ್ದಳೆಂಬ ಸುದ್ದಿ ಅವಳಿಗಿಂತ ಮುಂಚೆಯೇ ಬಂದಿತ್ತು. ಸ್ನಾನಕ್ಕೆ ನೀರು ಕಾಯಿಸಬೇಕೇ ಎಂದು ಕೇಳಿದ. ಬೇಡ ಎಂದಳು. ಅವನು ಮತ್ತೆ ಕೇಳಲಿಲ್ಲ. ಅವಳು ಕೈಕಾಲು ತೊಳೆದು ಒಲೆ ಹಚ್ಚಿದಳು.

ಜೌಗು ಗದ್ದೆಯ ಬಜೆಯನ್ನು ಮುಂದಿನ ವರ್ಷ ಬಹುಪಾಲು ಕಿತ್ತರು. ಬಟ್ಟೆ ಪೆಟ್ಟಿಗೆಗೆ ಹಾಕುವುದಕ್ಕೆ, ದನದ ಮೈಯ ಉಣ್ಣೆಗೆ ಹಚ್ಚುವುದಕ್ಕೆ, ತಲೆಯ ಹೇನಿಗೆ ಎಂದು ಅಂಚಿನಲ್ಲಿ ಒಂದು ಸಾಲು ಉಳಿಸಿಕೊಂಡರು. ಉಳಿದ ಕಡೆ ಕೆಸು ಹಾಕಿದರು. ಅದಕ್ಕೂ ಕಾಲು ಹೂಳುವ ನೆಲವೇ ಇಷ್ಟ. ಹೆರಿಗೆಯ ಮನೆಗಳಿಂದ ಬೀರಮ್ಮನಿಗೆ ಕರೆ ಬರುವುದು ನಿಲ್ಲಲಿಲ್ಲ. ಹೋಗುತ್ತಿದ್ದಳು, ಮಗುವಿಗೆ ಎಣ್ಣೆ ನೀವುತ್ತಿದ್ದಳು, ಬಜೆ ಕೇಳಿದರೆ ಕರಕಾಗಿಸಿದ್ದನ್ನು ತಾಯಿಯ ಕೈಗೆ ಕೊಟ್ಟು ತನಗೆ ಗೊತ್ತಿದ್ದಷ್ಟು ಹೇಳಿ ಬರುತ್ತಿದ್ದಳು. ಕಮಲಾಕ್ಷಮ್ಮನ ಮಗಳು ಬಜೆಯಿಲ್ಲದೆಯೂ ವರ್ಷ ತುಂಬುವ ಮೊದಲೇ ಮಾತು ಕಲಿತು, ರಜೆಗೆ ಬಂದಾಗ ಅಜ್ಜಿಯ ಬೀದಿಯಲ್ಲಿ ಯಾರನ್ನೂ ಸುಮ್ಮನಿರಲು ಬಿಡುತ್ತಿರಲಿಲ್ಲ.

ಕೆಸು ಮೊದಲ ಸಲ ಕಿತ್ತ ದಿನ ಮುದ್ದಮ್ಮ ಗದ್ದೆಗೆ ಬಂದಳು, ನಾಟಿಗೆ ನಾಲ್ಕು ಗೆಡ್ಡೆ ಬೇಕೆಂದು. ಬೀರಮ್ಮ ಕೆಸರಿನಿಂದ ಎದ್ದು ಬಂದು ಕುಕ್ಕೆಯನ್ನೇ ಅವಳ ಮುಂದಿಟ್ಟು ಆರಿಸಿಕೊ ಎಂದಳು. ಇಬ್ಬರೂ ಬದುವಿನ ಮೇಲೆ ಕುಕ್ಕರಿಸಿ ಕೂತು ಗೆಡ್ಡೆ ತಿರುವತೊಡಗಿದರು. ಈ ಜಾತಿಯ ಕೆಸು ಬಾಯಿ ತುರಿಸುತ್ತದಲ್ಲ, ನೀವು ಹುಣಸೆ ಹಾಕುತ್ತೀರೋ ಅಮಟೆಕಾಯಿ ಹಾಕುತ್ತೀರೋ ಎಂದು ಮುದ್ದಮ್ಮ ಕೇಳಿದಳು. ಹುಣಸೆ ಎಂದಳು ಬೀರಮ್ಮ. ಅಮಟೆಕಾಯಿಯಾದರೆ ತುರಿಕೆಯೂ ಹೋಗುತ್ತದೆ, ಸಾರಿಗೂ ರುಚಿ ಬರುತ್ತದೆ ಎಂದಳು ಮುದ್ದಮ್ಮ. ಬೀರಮ್ಮ ಒಪ್ಪಲಿಲ್ಲ. ಅದರ ಮೇಲೆ ಇಬ್ಬರಿಗೂ ಬಹಳ ಹೊತ್ತು ಮಾತು ನಡೆಯಿತು.